ಸ್ಪೀಕರ್ ಕೊನೆಗೆ: ಡಿಜಿಟಲ್ ಆಂಪ್ಲಿಫೈಯರ್ ಬೋರ್ಡನ್ನು ಕಂಪ್ಯೂಟರಿನಿಂದ ಪ್ರೋಗ್ರಾಮ್ ಮಾಡುವ ಬಗೆ

ಹಾಸನದ ಸುತ್ತಮುತ್ತ ಯಾವ ಊರಿನ ಸಮುದಾಯ ಭವನಕ್ಕೆ ಹೋದರೂ ಒಳಗಿನ ನೋಟ ಹೆಚ್ಚು ಕಡಿಮೆ ಒಂದೇ. ಆರ್‌ಸಿಸಿ ಛಾವಣಿ, ಬರಿಯ ಗೋಡೆ, ಟೈಲ್ಸ್ ನೆಲ. ವೇದಿಕೆಯ ಮೇಲೆ ಪೌರಾಣಿಕ ನಾಟಕದ ಪಾತ್ರಧಾರಿ ಹಾರ್ಮೋನಿಯಂ ಶ್ರುತಿಗೆ ಪದ್ಯ ಎತ್ತಿಕೊಂಡರೆ ಮುಂದಿನ ಸಾಲಿನವರ ಕಿವಿ ಗುಯ್‌ಗುಡುತ್ತದೆ. ಹಿಂದಿನ ಸಾಲಿನ ಅಜ್ಜಿ ಪಕ್ಕದವರನ್ನು ‘ಏನಂದನಪ್ಪ ಅವನು?’ ಎಂದು ಕೇಳುತ್ತಾರೆ. ಯಾರೋ ಎದ್ದು ಹೋಗಿ ವಾಲ್ಯೂಮ್ ಏರಿಸುತ್ತಾರೆ. ಸದ್ದು ಹೆಚ್ಚುತ್ತದೆ, ಮಾತು ತಿಳಿಯಾಗುವುದಿಲ್ಲ. ಟ್ವೀಟರ್, ಎಂದರೆ ಹೆಚ್ಚಿನ ಆವರ್ತನ ನುಡಿಸುವ ಪುಟ್ಟ ಸ್ಪೀಕರ್, ಸುಡುವುದು ಸಾಮಾನ್ಯವಾಗಿ ಇಂತಹ ರಾತ್ರಿಯಲ್ಲೇ.

ಈ ತೊಂದರೆಗೆ ಹೆಚ್ಚು ವಾಟ್ ಮದ್ದಲ್ಲ. ಯಾವ ಆವರ್ತನ ಯಾವ ಸ್ಪೀಕರಿಗೆ ಹೋಗಬೇಕು, ಎಷ್ಟು ಹೋಗಬೇಕು, ಎಲ್ಲಿ ತಡೆಯಬೇಕು ಎಂದು ಹೇಳಿಕೊಡಲು ಒಂದು ಜಾಗ ಬೇಕು. ಈಗ ಸಿಗುವ ಡಿಜಿಟಲ್ ಆಂಪ್ಲಿಫೈಯರ್ ಬೋರ್ಡುಗಳಲ್ಲಿ ಆ ಜಾಗ ಇದೆ. ಕ್ಲಾಸ್ ಡಿ ಆಂಪ್ಲಿಫೈಯರಿನ ಮುಂದೆ ಡಿಎಸ್‌ಪಿ ಎಂಬ ಧ್ವನಿ ಸಂಸ್ಕರಣೆಯ ಚಿಪ್ ಕುಳಿತಿರುತ್ತದೆ. ಅದಕ್ಕೆ ಕಂಪ್ಯೂಟರಿನಿಂದ ಪ್ರೋಗ್ರಾಮ್ ಬರೆಯಬಹುದು. ಹೆಚ್ಚಿನವರು ಬೋರ್ಡ್ ಕೊಂಡು, ಸ್ಪೀಕರ್ ಜೋಡಿಸಿ, ಹಾಡು ಕೇಳಿ, ಪ್ರೋಗ್ರಾಮಿನ ಭಾಗವನ್ನು ಮುಟ್ಟದೆಯೇ ಬಿಟ್ಟುಬಿಡುತ್ತಾರೆ. ಬೋರ್ಡಿಗೆ ಕೊಟ್ಟ ಹಣದ ಮುಕ್ಕಾಲು ಪ್ರಯೋಜನ ಇರುವುದು ಆ ಮುಟ್ಟದ ಭಾಗದಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಲೇಖನದಲ್ಲಿ ಒಂದು ಕ್ರಮವನ್ನು ನಾನು ಎಲ್ಲಿಯೂ ಸಡಿಲಿಸುವುದಿಲ್ಲ: ಸ್ಪೀಕರ್ ಜೋಡಿಸುವುದು ಕಟ್ಟಕಡೆಯ ಕೆಲಸ. ಪ್ರೋಗ್ರಾಮ್ ಇಳಿಸುವ ಕ್ಷಣದಲ್ಲಿ ಚಿಪ್ ಏನನ್ನು ಬೇಕಾದರೂ ಹೊರಗೆ ಕಳಿಸಬಹುದು: ‘ಟಪ್’ ಎಂಬ ಹೊಡೆತ, ಪೂರ್ಣ ಮಟ್ಟದ ಗದ್ದಲ, ಫಿಲ್ಟರ್ ಇಲ್ಲದ ಇಡೀ ಸಂಗೀತ. ಕೆಳಗಿನ ಆವರ್ತನ ನುಡಿಸುವ ದೊಡ್ಡ ಸ್ಪೀಕರ್, ಅಂದರೆ ವೂಫರ್, ಇದನ್ನು ತಾಳಿಕೊಳ್ಳಬಹುದು. ಒಂದು ಇಂಚಿನ ಟ್ವೀಟರಿನ ಒಳಗಿರುವ ಕೂದಲೆಳೆಯಷ್ಟು ತಂತಿ ತಾಳುವುದಿಲ್ಲ.

ಬೇಕಾಗುವ ಸಾಮಾನು

ನಾನು ಉದಾಹರಣೆಗೆ ತೆಗೆದುಕೊಳ್ಳುವುದು ಅನಲಾಗ್ ಡಿವೈಸಸ್ ಕಂಪನಿಯ ಎಡಿಎಯು1701 ಚಿಪ್. ಹವ್ಯಾಸಿಗಳ ಬೋರ್ಡುಗಳಲ್ಲಿ ಬಹಳ ಬಳಕೆಯಲ್ಲಿರುವ ಚಿಪ್ ಇದು. ಎರಡು ಒಳಹರಿವು, ನಾಲ್ಕು ಹೊರಹರಿವು ಇದರಲ್ಲೇ ಇವೆ. ಎಂದರೆ ಎಡಕ್ಕೊಂದು ವೂಫರ್ ಮತ್ತು ಟ್ವೀಟರ್, ಬಲಕ್ಕೊಂದು ವೂಫರ್ ಮತ್ತು ಟ್ವೀಟರ್, ನಾಲ್ಕಕ್ಕೂ ಬೇರೆ ಬೇರೆ ಆಂಪ್ಲಿಫೈಯರ್ ದಾರಿ. ಸೆಕೆಂಡಿಗೆ 48,000 ಧ್ವನಿ ಮಾದರಿಗಳ (ಸ್ಯಾಂಪಲ್) ವೇಗದಲ್ಲಿ ಪ್ರತಿ ಮಾದರಿಗೆ 1,024 ಸೂಚನೆಗಳನ್ನು ಇದು ನಡೆಸಬಲ್ಲದು. ಸಮುದಾಯ ಭವನದ ಕೆಲಸಕ್ಕೆ ಅದು ಧಾರಾಳ. ಆಂಪ್ಲಿಫೈಯರ್ ಭಾಗದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಅಥವಾ ಅದರ ಬಳಗದ ಚಿಪ್ ಇದೆ ಎಂದುಕೊಳ್ಳೋಣ. ಎರಡೂ ಒಂದೇ ಬೋರ್ಡಿನಲ್ಲಿ ಇರಬಹುದು, ಬೇರೆ ಬೇರೆಯಾಗಿಯೂ ಇರಬಹುದು. ಕೆಲಸದ ಕ್ರಮ ಬದಲಾಗುವುದಿಲ್ಲ.

ಕಂಪ್ಯೂಟರಿಗೂ ಬೋರ್ಡಿಗೂ ನಡುವೆ ಪ್ರೋಗ್ರಾಮನ್ನು ದಾಟಿಸುವ ಪ್ರೋಗ್ರಾಮರ್ ಎಂಬ ಸಾಧನ ಬೇಕು. ಕಂಪನಿಯದೇ ಯುಎಸ್‌ಬಿಐ ಎಂಬ ಸಾಧನ ದುಬಾರಿ. ಬೋರ್ಡ್ ಮಾರುವವರು ಅದಕ್ಕೆ ಹೊಂದುವ ಅಗ್ಗದ ಪ್ರೋಗ್ರಾಮರನ್ನೂ ಮಾರುತ್ತಾರೆ, ಮೊದಲ ಬಾರಿಗೆ ಕೈಹಾಕುವವರು ಅದನ್ನೇ ಕೊಳ್ಳಿ. ಸೈಪ್ರೆಸ್‌ನ ಸಿವೈ7ಸಿ68013ಎ ಚಿಪ್ ಇರುವ ಪುಟ್ಟ ಬೋರ್ಡಿಗೆ ಮುಕ್ತ ಫರ್ಮ್‌ವೇರ್ ತುಂಬಿಸಿಯೂ ಪ್ರೋಗ್ರಾಮರ್ ಮಾಡಿಕೊಳ್ಳುವವರಿದ್ದಾರೆ. ಡ್ರೈವರ್ ಜೊತೆ ಗುದ್ದಾಡುವ ತಾಳ್ಮೆ ಇದ್ದರೆ ಆ ದಾರಿ ಸರಿ.

ಇವುಗಳ ಜೊತೆಗೆ ಒಂದು ಮಲ್ಟಿಮೀಟರ್, 8 ಓಮ್‌ನ ಎರಡು ಸಿಮೆಂಟ್ ರೆಸಿಸ್ಟರ್‌ಗಳು (10 ವಾಟ್ ಅಥವಾ ಹೆಚ್ಚಿನವು), ಟ್ವೀಟರಿಗೊಂದರಂತೆ 22 ಮೈಕ್ರೋಫ್ಯಾರಡ್‌ನ ನಾನ್‌ಪೋಲಾರ್ ಕೆಪಾಸಿಟರ್, ಸಣ್ಣ ತಂತಿಗಳು. ಬೋರ್ಡುಗಳನ್ನು ಅಂತರ್ಜಾಲದಲ್ಲಿ ತರಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರಿದ್ದರೆ ಕೆಪಾಸಿಟರ್, ರೆಸಿಸ್ಟರ್, ಕನೆಕ್ಟರ್‌ಗಳನ್ನು ಅಲ್ಲಿಂದ ತರಿಸಿಕೊಳ್ಳಿ, ನಾಲ್ಕಾರು ಹೆಚ್ಚಾಗಿಯೇ ತರಿಸಿ. ಒಂದು ಕೆಪಾಸಿಟರ್ ಕಡಿಮೆಯಾಯಿತೆಂದು ಅದಿಲ್ಲದೆ ಟ್ವೀಟರ್ ಜೋಡಿಸುವ ಮನಸ್ಸು ಬರಬಾರದು.

ಕಂಪ್ಯೂಟರಿನಲ್ಲಿ ವಿಂಡೋಸ್ ಇರಬೇಕು. ಸಿಗ್ಮಾಸ್ಟುಡಿಯೊ ಎಂಬ ತಂತ್ರಾಂಶ ಅನಲಾಗ್ ಡಿವೈಸಸ್‌ನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಇಲ್ಲಿ ಹೇಳುವ ಹೆಜ್ಜೆಗಳೆಲ್ಲ ಅದರ 4ನೆಯ ಸರಣಿಗೆ ಅನ್ವಯಿಸುತ್ತವೆ.

ವಿದ್ಯುತ್ತು ಮತ್ತು ಅರ್ತಿಂಗ್

ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಈ ಕೆಲಸಕ್ಕೆ ಒಳ್ಳೆಯದು. ಟಿಪಿಎ3116 ಚಿಪ್ 4.5ರಿಂದ 26 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ. 19 ವೋಲ್ಟ್‌ನಲ್ಲಿ 8 ಓಮ್ ಸ್ಪೀಕರಿಗೆ ಸುಮಾರು 20 ವಾಟ್, 4 ಓಮ್ ಸ್ಪೀಕರಿಗೆ ಸುಮಾರು 40 ವಾಟ್ ಸಿಗುತ್ತದೆ. ಇದನ್ನು ನೀವೇ ಲೆಕ್ಕ ಹಾಕಬಹುದು: ವೋಲ್ಟೇಜಿನ ವರ್ಗವನ್ನು ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿ, ಸ್ವಲ್ಪ ನಷ್ಟ ಕಳೆಯಿರಿ. ಬೋರ್ಡಿನ ಡಬ್ಬಿಯ ಮೇಲೆ ಅಚ್ಚು ಹಾಕಿದ ದೊಡ್ಡ ಸಂಖ್ಯೆಗಿಂತ ಈ ಲೆಕ್ಕವನ್ನೇ ನಂಬಿ. ನೂರೈವತ್ತು ಜನರ ಭವನದಲ್ಲಿ ಮಾತಿಗೆ ಇಷ್ಟು ವಾಟ್ ಸಾಕು, ಅದು ಸರಿಯಾದ ಜಾಗಕ್ಕೆ ಹೋದರೆ.

ಅಡಾಪ್ಟರ್ ಜೋಡಿಸುವ ಮೊದಲು ಅದರ ಪ್ಲಸ್, ಮೈನಸ್‌ಗಳನ್ನು ಮಲ್ಟಿಮೀಟರಿನಲ್ಲಿ ನೋಡಿ. ಬೋರ್ಡಿಗೆ ವಿದ್ಯುತ್ ಕೊಟ್ಟ ಮೇಲೆ ಡಿಎಸ್‌ಪಿ ಭಾಗದ 3.3 ವೋಲ್ಟ್ ಬಂದಿದೆಯೇ ನೋಡಿ. ಇದು ಬಾರದಿದ್ದರೆ ಮುಂದಿನ ಯಾವ ಹೆಜ್ಜೆಯೂ ನಡೆಯುವುದಿಲ್ಲ, ಕಂಪ್ಯೂಟರನ್ನು ದೂರಿ ಫಲವಿಲ್ಲ.

ಅರ್ತಿಂಗ್ ವಿಷಯ ನಮ್ಮ ಭಾಗದಲ್ಲಿ ವಿಶೇಷ ಗಮನ ಬೇಡುತ್ತದೆ. ಅರಸೀಕೆರೆ ಕಡೆಯ ಒಣನೆಲದಲ್ಲಿ ಬೇಸಿಗೆಯ ಹೊತ್ತಿಗೆ ಅರ್ತ್ ಗುಂಡಿ ಒಣಗಿ ಹೋಗಿರುತ್ತದೆ. ಮೂರನೆಯ ಪಿನ್ ಇದ್ದರೂ ಅದು ಹೆಸರಿಗೆ ಮಾತ್ರ. ಭವನದ ಸಾಕೆಟಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎಷ್ಟು ವೋಲ್ಟ್ ಇದೆ ಎಂದು ವಿದ್ಯುತ್ ಕೆಲಸ ಬಲ್ಲವರಿಂದ ಅಳೆಯಿಸಿ. ಒಂದೆರಡು ವೋಲ್ಟ್ ಇದ್ದರೆ ಆತಂಕವಿಲ್ಲ. ಹತ್ತಾರು ವೋಲ್ಟ್ ತೋರಿಸಿದರೆ ಮೊದಲು ಅರ್ತಿಂಗ್ ಸರಿಪಡಿಸಿ, ಆಮೇಲೆ ಮೈಕ್ ಹಿಡಿಯಿರಿ. ಲೋಹದ ಮೈಕನ್ನು ತುಟಿಗೆ ತಾಗಿಸಿ ಹಾಡುವವರ ಜೀವದ ಪ್ರಶ್ನೆ ಇದು.

ಪ್ರೋಗ್ರಾಮ್ ಮಾಡುವಾಗ ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯಲ್ಲೇ ನಡೆಸಿ. ಲ್ಯಾಪ್‌ಟಾಪ್ ಚಾರ್ಜರ್ ಮತ್ತು ಬೋರ್ಡಿನ ಅಡಾಪ್ಟರ್ ಎರಡೂ ಗೋಡೆಗೆ ಚುಚ್ಚಿದ್ದರೆ ಯುಎಸ್‌ಬಿ ತಂತಿಯ ಮೂಲಕ ಗ್ರೌಂಡ್ ಸುತ್ತು ಉಂಟಾಗಿ ‘ಗುಂಯ್’ ಎಂಬ 50 ಹರ್ಟ್ಸ್ ಸದ್ದು ಸೇರಿಕೊಳ್ಳುತ್ತದೆ. ಅದು ಬೋರ್ಡಿನ ದೋಷವೆಂದು ತಿಳಿದು ಒಳ್ಳೆಯ ಬೋರ್ಡನ್ನು ಮೂಲೆಗೆ ಎಸೆದವರಿದ್ದಾರೆ.

ಇನ್ನೊಂದು ಎಚ್ಚರಿಕೆ. ಟಿಪಿಎ3116ನಂತಹ ಚಿಪ್‌ಗಳಲ್ಲಿ ಸ್ಪೀಕರಿನ ಎರಡೂ ತಂತಿಗಳು ಜೀವಂತ. ಸ್ಪೀಕರ್ ಮೈನಸ್ ಎಂದು ಬರೆದಿರುವುದು ಗ್ರೌಂಡ್ ಅಲ್ಲ, ಅಲ್ಲಿಯೂ ಪೂರೈಕೆಯ ಅರ್ಧದಷ್ಟು ವೋಲ್ಟೇಜ್ ನಿಂತಿರುತ್ತದೆ. ಎರಡು ಸ್ಪೀಕರ್‌ಗಳ ಮೈನಸ್ ತಂತಿಗಳನ್ನು ಒಂದುಗೂಡಿಸಬೇಡಿ. ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನಾಗಲಿ, ಲ್ಯಾಪ್‌ಟಾಪಿನ ಆಡಿಯೊ ತಂತಿಯ ಗ್ರೌಂಡನ್ನಾಗಲಿ ಅಲ್ಲಿಗೆ ಸಿಕ್ಕಿಸಬೇಡಿ. ಮಲ್ಟಿಮೀಟರಿನಿಂದ ಎರಡು ತಂತಿಗಳ ನಡುವೆ ಅಳೆಯುವುದು ಸುರಕ್ಷಿತ.

ಕಂಪ್ಯೂಟರಿನಿಂದ ಬೋರ್ಡಿಗೆ

ಪ್ರೋಗ್ರಾಮರ್ ಮತ್ತು ಬೋರ್ಡ್ ಮಾತಾಡುವುದು ಐ2ಸಿ ಎಂಬ ಎರಡು ತಂತಿಯ ವ್ಯವಸ್ಥೆಯಲ್ಲಿ. ಎಸ್‌ಡಿಎ ಎಂಬುದು ದತ್ತಾಂಶದ ತಂತಿ, ಎಸ್‌ಸಿಎಲ್ ಎಂಬುದು ಗಡಿಯಾರದ ತಂತಿ. ಇವೆರಡರ ಜೊತೆ ಗ್ರೌಂಡ್ ಕಡ್ಡಾಯ. ಎಸ್‌ಡಿಎಗೆ ಎಸ್‌ಡಿಎ, ಎಸ್‌ಸಿಎಲ್‌ಗೆ ಎಸ್‌ಸಿಎಲ್. ಸೀರಿಯಲ್ ಪೋರ್ಟಿನಂತೆ ಅಡ್ಡ ಜೋಡಣೆ ಇಲ್ಲ. ಬೋರ್ಡಿನ ಮೇಲೆ ಅಚ್ಚಾದ ಹೆಸರನ್ನು ನೋಡಿಕೊಂಡೇ ಜೋಡಿಸಿ, ತಂತಿಯ ಬಣ್ಣವನ್ನು ನಂಬಬೇಡಿ. ಬೋರ್ಡಿಗೆ ಅದರದೇ ಅಡಾಪ್ಟರ್ ಇದ್ದಾಗ ಪ್ರೋಗ್ರಾಮರಿನ ವಿದ್ಯುತ್ ಪಿನ್ನನ್ನು ಜೋಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಎರಡು ಕಡೆಯಿಂದ ವಿದ್ಯುತ್ ಕೊಟ್ಟರೆ ಒಂದು ಇನ್ನೊಂದನ್ನು ತಳ್ಳುತ್ತದೆ. ತಂತಿ ಗೇಣುದ್ದಕ್ಕಿಂತ ಹೆಚ್ಚಿರುವುದು ಬೇಡ.

ಜೋಡಿಸಿ ವಿದ್ಯುತ್ ಕೊಟ್ಟ ಮೇಲೆ ಎಸ್‌ಡಿಎ ಮತ್ತು ಎಸ್‌ಸಿಎಲ್ ಎರಡರಲ್ಲೂ ಗ್ರೌಂಡಿಗೆ ಎದುರಾಗಿ ಹತ್ತಿರ ಹತ್ತಿರ 3.3 ವೋಲ್ಟ್ ಕಾಣಬೇಕು. ಸೊನ್ನೆ ಕಂಡರೆ ತಂತಿಯನ್ನು 3.3 ವೋಲ್ಟಿಗೆ ಎಳೆದು ಹಿಡಿಯುವ ಪುಲ್‌ಅಪ್ ರೆಸಿಸ್ಟರ್ ಇಲ್ಲ ಅಥವಾ ಎಲ್ಲೋ ತಂತಿ ತಾಗಿದೆ. 5 ವೋಲ್ಟ್ ಕಂಡರೆ ಕೂಡಲೇ ಬಿಚ್ಚಿ. ಈ ಚಿಪ್ 3.3 ವೋಲ್ಟಿನದು. 5 ವೋಲ್ಟ್‌ನಲ್ಲಿ ನಡೆಯುವ ಆರ್ಡುಯಿನೊ ಬೋರ್ಡನ್ನು ನೇರವಾಗಿ ಜೋಡಿಸುವವರು ಎಡವುವುದು ಇಲ್ಲೇ.

ಈಗ ಸಿಗ್ಮಾಸ್ಟುಡಿಯೊ ತೆರೆದು ಹೊಸ ಪ್ರಾಜೆಕ್ಟ್ ಆರಂಭಿಸಿ. ಹಾರ್ಡ್‌ವೇರ್ ಕಾನ್ಫಿಗರೇಷನ್ ಪುಟದಲ್ಲಿ ಎಡಗಡೆಯ ಪಟ್ಟಿಯಿಂದ ಮೂರು ಪೆಟ್ಟಿಗೆಗಳನ್ನು ಎಳೆದು ತನ್ನಿ: ಯುಎಸ್‌ಬಿಐ, ಎಡಿಎಯು1701, ಮತ್ತು ಇ2ಪ್ರೋಮ್ (ವಿದ್ಯುತ್ ಹೋದರೂ ಅಳಿಯದ ನೆನಪಿನ ಚಿಪ್). ಯುಎಸ್‌ಬಿಐ ಪೆಟ್ಟಿಗೆಯಿಂದ ಉಳಿದೆರಡಕ್ಕೂ ಗೆರೆ ಎಳೆಯಿರಿ. ಚಿಪ್‌ನ ವಿಳಾಸ ಹೆಕ್ಸ್ (ಹದಿನಾರರ ಎಣಿಕೆಯ) 68, ಇ2ಪ್ರೋಮಿನದು ಹೆಕ್ಸ್ ಎ0 ಎಂದು ಸಾಮಾನ್ಯವಾಗಿ ತಾನಾಗಿಯೇ ಇರುತ್ತದೆ. ಲಿನಕ್ಸ್‌ನಲ್ಲಿ ಅಥವಾ ಇಎಸ್‌ಪಿ32 ಬಳಸಿ ಹುಡುಕುವವರಿಗೆ ಇದೇ ವಿಳಾಸಗಳು 34 ಮತ್ತು 50 ಎಂದು ಕಾಣುತ್ತವೆ. ಅಲ್ಲಿ ಓದು-ಬರೆ ಎಂದು ಸೂಚಿಸುವ ಕೊನೆಯ ಬಿಟ್ಟನ್ನು ಬಿಟ್ಟು ಎಣಿಸುತ್ತಾರೆ, ಆದ್ದರಿಂದ ಸಂಖ್ಯೆ ಅರ್ಧವಾಗುತ್ತದೆ. ಎರಡೂ ಸರಿಯೇ.

ಯುಎಸ್‌ಬಿಐ ಪೆಟ್ಟಿಗೆಯಲ್ಲಿ ಯುಎಸ್‌ಬಿ ಎಂಬ ಪಟ್ಟಿ ಕೆಂಪಾಗಿದ್ದರೆ ಕಂಪ್ಯೂಟರಿಗೆ ಪ್ರೋಗ್ರಾಮರ್ ಸಿಕ್ಕಿಲ್ಲ, ಡ್ರೈವರ್ ನೋಡಿ. ಬಣ್ಣ ಬದಲಾದರೆ ಸಿಕ್ಕಿದೆ. ಆದರೆ ಆ ಬಣ್ಣ ಹೇಳುವುದು ಕಂಪ್ಯೂಟರಿನಿಂದ ಪ್ರೋಗ್ರಾಮರ್‌ವರೆಗಿನ ಕಥೆಯನ್ನು ಮಾತ್ರ. ಪ್ರೋಗ್ರಾಮರಿನಿಂದ ಚಿಪ್‌ವರೆಗಿನ ತಂತಿ ಸರಿ ಇದೆಯೇ ಎಂಬುದು ಇನ್ನೂ ತಿಳಿದಿಲ್ಲ.

ಅದನ್ನು ತಿಳಿಯಲು ಅತಿ ಚಿಕ್ಕ ಪ್ರೋಗ್ರಾಮ್ ಮಾಡಿ. ಸ್ಕೀಮ್ಯಾಟಿಕ್ ಪುಟದಲ್ಲಿ ಒಂದು ಇನ್‌ಪುಟ್, ಒಂದು ವಾಲ್ಯೂಮ್, ಒಂದು ಔಟ್‌ಪುಟ್ ಇರಿಸಿ ಗೆರೆ ಎಳೆಯಿರಿ. ವಾಲ್ಯೂಮನ್ನು ಮೈನಸ್ 40 ಡೆಸಿಬೆಲ್‌ಗೆ ಇಳಿಸಿ. ಎಫ್7 ಒತ್ತಿದರೆ ಲಿಂಕ್, ಕಂಪೈಲ್, ಡೌನ್‌ಲೋಡ್ ಮೂರೂ ಒಟ್ಟಿಗೆ ನಡೆಯುತ್ತವೆ. ಮೊಬೈಲಿನಿಂದ 200 ಹರ್ಟ್ಸ್ ಸ್ವರವನ್ನು ಇನ್‌ಪುಟ್‌ಗೆ ಕೊಟ್ಟು, ಚಿಪ್‌ನ ಹೊರಹರಿವಿನಲ್ಲಿ ಮಲ್ಟಿಮೀಟರ್ ಹಿಡಿದು, ಪರದೆಯ ಮೇಲಿನ ವಾಲ್ಯೂಮನ್ನು ಮೇಲೆ ಕೆಳಗೆ ಎಳೆಯಿರಿ. ಮೀಟರಿನ ಸಂಖ್ಯೆ ಅದರ ಹಿಂದೆಯೇ ಓಡಾಡಿದರೆ ಕಂಪ್ಯೂಟರ್ ಮತ್ತು ಚಿಪ್ ಮಾತಾಡುತ್ತಿವೆ. ಈ ಪರೀಕ್ಷೆಯ ಹೊರತು ತಂತ್ರಾಂಶ ತೋರಿಸುವ ಯಾವ ಹಸಿರು ಗುರುತನ್ನೂ ನಾನು ಪ್ರಮಾಣವೆಂದು ಒಪ್ಪುವುದಿಲ್ಲ.

ನಿಜವಾದ ಪ್ರೋಗ್ರಾಮ್

ಇದು ಈ ಕೆಲಸದ ಹೃದಯ, ಇಲ್ಲಿ ನಿಧಾನವಾಗಿ ಹೋಗೋಣ.

ಭವನದ ಮಾತಿಗೆ ಸ್ಟೀರಿಯೊ ಬೇಡ. ಎಡಬದಿಯಲ್ಲಿ ಕುಳಿತವರಿಗೆ ಅರ್ಧ ನಾಟಕ, ಬಲಬದಿಯವರಿಗೆ ಉಳಿದರ್ಧ ಆಗಬಾರದು. ಎರಡು ಇನ್‌ಪುಟ್‌ಗಳನ್ನು ತಲಾ 6 ಡೆಸಿಬೆಲ್ ಇಳಿಸಿ ಕೂಡಿಸಿ. ಚಿಪ್‌ನ ಇನ್‌ಪುಟ್ ಶಿಫಾರಸಿನಂತೆ ಕಟ್ಟಿದ ಬೋರ್ಡಿನಲ್ಲಿ 2 ವೋಲ್ಟ್ ಆರ್‌ಎಂಎಸ್‌ಗೆ (ಏರಿಳಿಯುವ ಅಲೆಯ ಪರಿಣಾಮಕಾರಿ ವೋಲ್ಟೇಜ್) ತುಂಬಿಹೋಗುತ್ತದೆ. ಮಿಕ್ಸರಿನ ಕೆಂಪು ದೀಪ ಹೊತ್ತುವಷ್ಟು ತಳ್ಳಿದರೆ ಒಳಗೆ ಯಾವ ಫಿಲ್ಟರ್ ಹಾಕಿದರೂ ಒಡೆದ ಧ್ವನಿ ಕೂಡುವುದಿಲ್ಲ.

ಮುಂದಿನದು 80 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಹೈಪಾಸ್ ಫಿಲ್ಟರ್. ಮೈಕಿನ ಮೇಲೆ ಬೀಸುವ ಗಾಳಿ, ವೇದಿಕೆಯ ಹಲಗೆಯ ಮೇಲಿನ ಹೆಜ್ಜೆ, ಮೈಕ್ ಸ್ಟ್ಯಾಂಡಿನ ಬಡಿತ ಎಲ್ಲ ಅಲ್ಲಿರುತ್ತವೆ. ಅವು ಮಾತಿಗೆ ಏನನ್ನೂ ಕೊಡುವುದಿಲ್ಲ, ವೂಫರನ್ನು ಮಾತ್ರ ಸುಮ್ಮನೆ ಒಳಗೂ ಹೊರಗೂ ಓಡಿಸುತ್ತವೆ.

ಆಮೇಲೆ ಕ್ರಾಸ್‌ಓವರ್. ನಾಲೆಯ ನೀರು ತೂಬಿನ ಬಳಿ ಎರಡು ಗದ್ದೆಗಳಿಗೆ ಒಡೆಯುವಂತೆ ಧ್ವನಿ ಇಲ್ಲಿ ಎರಡಾಗುತ್ತದೆ: ಕೆಳಗಿನದು ವೂಫರಿಗೆ, ಮೇಲಿನದು ಟ್ವೀಟರಿಗೆ. ಆರು ಅಥವಾ ಎಂಟು ಇಂಚಿನ ವೂಫರ್ ಮತ್ತು ಒಂದು ಇಂಚಿನ ಗುಮ್ಮಟದ ಟ್ವೀಟರ್ ಇದ್ದರೆ 2,500 ಹರ್ಟ್ಸ್‌ನಿಂದ ಆರಂಭಿಸಿ. ಫಿಲ್ಟರಿನ ಬಗೆಯಲ್ಲಿ ಲಿಂಕ್‌ವಿಟ್ಜ್-ರೈಲಿ, ನಾಲ್ಕನೆಯ ದರ್ಜೆ, ಅಂದರೆ ಅಷ್ಟಕಕ್ಕೆ (ಆವರ್ತನ ಇಮ್ಮಡಿಯಾಗುವ ಅಂತರ) 24 ಡೆಸಿಬೆಲ್ ಇಳಿಜಾರು ಆರಿಸಿ. ಇದರ ಗುಣವೇನೆಂದರೆ ಒಡೆಯುವ ಜಾಗದಲ್ಲಿ ಎರಡೂ 6 ಡೆಸಿಬೆಲ್ ಇಳಿದಿರುತ್ತವೆ, ಎರಡರ ಹಂತವೂ ಒಂದೇ ಆಗಿರುತ್ತದೆ, ಗಾಳಿಯಲ್ಲಿ ಸೇರಿದಾಗ ಮಟ್ಟ ಸಮನಾಗುತ್ತದೆ. ಟ್ವೀಟರಿನ ತಂತಿ ತಿರುಗಿಸಿ ಜೋಡಿಸುವ ಗೊಂದಲವೂ ಇಲ್ಲ. ಇಳಿಜಾರು ಕಡಿದಾಗಿರುವುದರಿಂದ ಟ್ವೀಟರಿನ ಹತ್ತಿರ ಕೆಳಗಿನ ಆವರ್ತನ ಸುಳಿಯುವುದಿಲ್ಲ.

ಟ್ವೀಟರ್‌ಗಳು ಸಾಮಾನ್ಯವಾಗಿ ವೂಫರಿಗಿಂತ ಜೋರು. ಸ್ಪೀಕರಿನ ವಿವರಪತ್ರದಲ್ಲಿ ಟ್ವೀಟರಿಗೆ 91, ವೂಫರಿಗೆ 87 ಡೆಸಿಬೆಲ್ ಎಂದಿದ್ದರೆ ಟ್ವೀಟರಿನ ದಾರಿಯಲ್ಲಿ 4 ಡೆಸಿಬೆಲ್ ಇಳಿಸಿ. ಯಾವಾಗಲೂ ಇಳಿಸುವುದರಿಂದಲೇ ಸರಿದೂಗಿಸಿ. ಈ ಚಿಪ್‌ನ ಒಳಲೆಕ್ಕದಲ್ಲಿ ಪೂರ್ಣ ಮಟ್ಟದ ಮೇಲೆ 24 ಡೆಸಿಬೆಲ್ ಜಾಗ ಇದೆ, ಆದರೆ ಹೊರಹರಿವಿನ ಬಾಗಿಲಲ್ಲಿ ಅದು ಇಲ್ಲ. ಏರಿಸಿದ್ದೆಲ್ಲ ಅಲ್ಲಿ ತಲೆ ಕತ್ತರಿಸಿಕೊಳ್ಳುತ್ತದೆ.

ವೂಫರಿನ ಶಂಕು ಹಿಂದಕ್ಕೆ ಬಾಗಿರುವುದರಿಂದ ಅದರ ಧ್ವನಿ ಟ್ವೀಟರಿನದಕ್ಕಿಂತ ತುಸು ತಡವಾಗಿ ಹೊರಡುತ್ತದೆ. ಶಬ್ದ ಒಂದು ಮಾದರಿಯ ಅವಧಿಯಲ್ಲಿ ಸುಮಾರು 7 ಮಿಲಿಮೀಟರ್ ಸಾಗುತ್ತದೆ. 3 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಟ್ವೀಟರಿನ ದಾರಿಯಲ್ಲಿ 4 ಮಾದರಿಗಳ ವಿಳಂಬ ಇಡಿ. ಇದೇ ವಿಳಂಬವನ್ನು ಬಳಸಿ ಭವನದ ನಡುವೆ ಇನ್ನೊಂದು ಜೋಡಿ ಸ್ಪೀಕರ್ ಇಡುವ ಯೋಚನೆ ಕೆಲವರಿಗೆ ಬರುತ್ತದೆ. ಯೋಚನೆ ಒಳ್ಳೆಯದು, ಆದರೆ ಮಿತಿ ತಿಳಿದಿರಲಿ: ಈ ಚಿಪ್‌ನಲ್ಲಿ ಒಟ್ಟು ವಿಳಂಬ ಸುಮಾರು 43 ಮಿಲಿಸೆಕೆಂಡ್. ದೂರದಲ್ಲಿ ಹೇಳುವುದಾದರೆ 15 ಮೀಟರಿಗೂ ಒಂದಿಷ್ಟು ಕಡಿಮೆ. ಅದಕ್ಕಿಂತ ಉದ್ದದ ಭವನಕ್ಕೆ ಬೇರೆ ಚಿಪ್ ಬೇಕು.

ಲಿಮಿಟರಿನ ಲೆಕ್ಕ

ಲಿಮಿಟರ್ ಇಲ್ಲದ ಪ್ರೋಗ್ರಾಮನ್ನು ಸಾರ್ವಜನಿಕ ಭವನದಲ್ಲಿ ಬಳಸಬಾರದು. ಭೀಮನ ಪಾತ್ರಧಾರಿ ಮೈಕಿನ ಹತ್ತಿರ ಬಂದು ಒಮ್ಮೆ ಗರ್ಜಿಸಿದರೆ ಸಾಕು. ಮೈಕ್ ಕೈತಪ್ಪಿ ಬಿದ್ದರೂ ಸಾಕು. ಆ ಕ್ಷಣವನ್ನು ಹಿಡಿಯುವುದು ಲಿಮಿಟರ್. ಅದರ ಸಂಖ್ಯೆಯನ್ನು ಊಹೆಯಿಂದ ಇಡಬಾರದು, ಲೆಕ್ಕ ಸುಲಭವಾಗಿದೆ.

ಎಡಿಎಯು1701ರ ಹೊರಹರಿವು ಪೂರ್ಣ ಮಟ್ಟದಲ್ಲಿ 0.9 ವೋಲ್ಟ್ ಆರ್‌ಎಂಎಸ್. ಟಿಪಿಎ3116ನ ಗೇನ್, ಎಂದರೆ ಅದು ಧ್ವನಿಯನ್ನು ಹಿಗ್ಗಿಸುವ ಪ್ರಮಾಣ, 20, 26, 32, 36 ಡೆಸಿಬೆಲ್‌ಗಳಲ್ಲಿ ಒಂದಕ್ಕೆ ಬೋರ್ಡ್ ಮಾಡಿದವರು ಕಟ್ಟಿರುತ್ತಾರೆ. ಯಾವುದು ಎಂದು ಅಳೆದು ತಿಳಿಯಿರಿ. ಸ್ಪೀಕರಿನ ಜಾಗಕ್ಕೆ 8 ಓಮ್ ಸಿಮೆಂಟ್ ರೆಸಿಸ್ಟರ್ ಜೋಡಿಸಿ. ಅಳೆಯುವ ಹೊತ್ತಿಗೆ ಚಿಪ್‌ನೊಳಗಿನ ಸ್ವರಜನಕದಿಂದ 200 ಹರ್ಟ್ಸ್ ಸ್ವರವನ್ನು ಮೈನಸ್ 20 ಡೆಸಿಬೆಲ್‌ನಲ್ಲಿ ನೇರವಾಗಿ ಹೊರಹರಿವಿಗೆ ಕಳಿಸಿ. ಚಿಪ್‌ನ ಹೊರಗೆ 0.09 ವೋಲ್ಟ್ ಬರಬೇಕು. ರೆಸಿಸ್ಟರಿನ ಎರಡು ತುದಿಗಳ ನಡುವೆ 1.8 ವೋಲ್ಟ್ ಬಂದರೆ ಇಪ್ಪತ್ತು ಪಟ್ಟು, ಅಂದರೆ ಗೇನ್ 26 ಡೆಸಿಬೆಲ್. ಅಗ್ಗದ ಮಲ್ಟಿಮೀಟರ್‌ಗಳು ಹೆಚ್ಚಿನ ಆವರ್ತನದಲ್ಲಿ ಎಸಿ ವೋಲ್ಟೇಜನ್ನು ತಪ್ಪಾಗಿ ತೋರಿಸುತ್ತವೆ. 200 ಹರ್ಟ್ಸ್ ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಈಗ ಪೂರ್ಣ ಮಟ್ಟದಲ್ಲಿ ಆಂಪ್ಲಿಫೈಯರ್ 18 ವೋಲ್ಟ್ ಆರ್‌ಎಂಎಸ್ ಕೊಡಲು ಹೊರಡುತ್ತದೆ. 19 ವೋಲ್ಟ್ ಪೂರೈಕೆಯಿಂದ ನಿಜಕ್ಕೂ ಸಿಗುವುದು ಹೆಚ್ಚೆಂದರೆ 13ರ ಆಸುಪಾಸು. ಆದ್ದರಿಂದ ವೂಫರಿನ ದಾರಿಯ ಲಿಮಿಟರನ್ನು ಮೈನಸ್ 3 ಡೆಸಿಬೆಲ್‌ಗೆ ಇಟ್ಟರೆ ಆಂಪ್ಲಿಫೈಯರ್ ಎಂದೂ ಅಲೆಯ ತಲೆ ಕತ್ತರಿಸುವುದಿಲ್ಲ. ಟ್ವೀಟರಿಗೆ 10 ವಾಟ್ ಮೇಲ್ಮಿತಿ ಎಂದು ನಾನು ಇಟ್ಟುಕೊಳ್ಳುತ್ತೇನೆ, ಅದರ ಮೇಲೆ ಎಷ್ಟೇ ದೊಡ್ಡ ಸಂಖ್ಯೆ ಬರೆದಿರಲಿ. 8 ಓಮ್‌ನಲ್ಲಿ 10 ವಾಟ್ ಎಂದರೆ 8.9 ವೋಲ್ಟ್. 18ರ ಅರ್ಧ. ಡೆಸಿಬೆಲ್‌ನಲ್ಲಿ ಮೈನಸ್ 6. ಟ್ವೀಟರಿನ ಲಿಮಿಟರ್ ಅಲ್ಲಿಗೆ.

ಲಿಮಿಟರಿನ ಬಗೆಯನ್ನು ಆರಿಸುವಾಗ ಪೀಕ್ (ಅಲೆಯ ತುದಿಯನ್ನು ಎಣಿಸುವ ಬಗೆ) ಎಂಬುದನ್ನು ಆರಿಸಿ. ಆರ್‌ಎಂಎಸ್ ಬಗೆಯಲ್ಲಿ ಪೂರ್ಣ ಮಟ್ಟದ ಸ್ವರ ಮೈನಸ್ 3 ಎಂದು ಎಣಿಕೆಯಾಗುತ್ತದೆ, ಮೇಲಿನ ಲೆಕ್ಕ ಅಷ್ಟು ತಪ್ಪುತ್ತದೆ. ಲಿಮಿಟರಿನ ಜಾಗವೂ ಮುಖ್ಯ: ಕ್ರಾಸ್‌ಓವರ್, ಮಟ್ಟ, ಈಕ್ವಲೈಸರ್ (ಬೇರೆ ಬೇರೆ ಆವರ್ತನಗಳನ್ನು ಏರಿಳಿಸುವ ಫಿಲ್ಟರ್) ಎಲ್ಲ ಮುಗಿದ ಮೇಲೆ, ಔಟ್‌ಪುಟ್‌ಗೆ ಮೊದಲು, ಪ್ರತಿ ದಾರಿಗೂ ಬೇರೆಯಾಗಿ.

ಮುಂಭಾಗದಲ್ಲಿ ವಾಲ್ಯೂಮ್ ಗುಂಡಿ ಬೇಕೆಂದರೆ 10 ಕಿಲೋಓಮ್‌ನ ಪೊಟೆನ್ಶಿಯೋಮೀಟರನ್ನು 3.3 ವೋಲ್ಟ್ ಮತ್ತು ಗ್ರೌಂಡ್ ನಡುವೆ ಜೋಡಿಸಿ, ನಡುವಿನ ಕಾಲನ್ನು ಡಿಎಸ್‌ಪಿ ಚಿಪ್‌ನ ಎಂಪಿ9 ಪಿನ್ನಿಗೆ ಕೊಡಿ. ಎಂಪಿ2, ಎಂಪಿ3, ಎಂಪಿ8 ಕೂಡ ಇದಕ್ಕೆ ಒದಗುತ್ತವೆ, ಉಳಿದ ಎಂಪಿ ಪಿನ್‌ಗಳು ಒದಗುವುದಿಲ್ಲ. ರಿಜಿಸ್ಟರ್ ಪುಟದಲ್ಲಿ ಆ ಪಿನ್ನನ್ನು ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿ ಓದುವ ಪಿನ್) ಎಂದು ಗುರುತಿಸಲು ಮರೆಯಬೇಡಿ.

ಶಾಶ್ವತವಾಗಿ ಬರೆಯುವುದು

ಎಫ್7 ಒತ್ತಿ ಇಳಿಸಿದ್ದು ಚಿಪ್‌ನ ತಾತ್ಕಾಲಿಕ ನೆನಪಿನಲ್ಲಿ ಮಾತ್ರ ಇರುತ್ತದೆ. ವಿದ್ಯುತ್ ಹೋದರೆ ಅದೂ ಹೋಗುತ್ತದೆ. ಉಳಿಯಬೇಕಾದರೆ ಬೋರ್ಡಿನ ಮೇಲಿರುವ ಇ2ಪ್ರೋಮ್ ಚಿಪ್‌ಗೆ ಬರೆಯಬೇಕು. ಹಾರ್ಡ್‌ವೇರ್ ಪುಟದಲ್ಲಿ ಎಡಿಎಯು1701 ಪೆಟ್ಟಿಗೆಯ ಮೇಲೆ ಬಲಗುಂಡಿ ಒತ್ತಿ, ಇತ್ತೀಚಿನ ಕಂಪೈಲನ್ನು ಇ2ಪ್ರೋಮ್‌ಗೆ ಬರೆಯುವ ಆಯ್ಕೆ ಆರಿಸಿ. ಬೋರ್ಡಿನಲ್ಲಿ 24ಎಲ್‌ಸಿ256 ಇದ್ದರೆ ಸಾಮರ್ಥ್ಯ 32,768 ಬೈಟ್, ವಿಳಾಸದ ಅಗಲ 2 ಬೈಟ್ ಎಂದು ಕೊಡಿ.

ಇಲ್ಲಿ ಕರೆಂಟ್ ಹೋಗುವ ಊರಿನವರು ಒಂದು ಮಾತು ಕೇಳಬೇಕು. ಬರೆಯುತ್ತಿರುವ ನಡುವೆ ವಿದ್ಯುತ್ ನಿಂತರೆ ಅರ್ಧ ಹಳೆಯದು, ಅರ್ಧ ಹೊಸದು ಉಳಿದು ಬೋರ್ಡ್ ಮೂಕವಾಗುತ್ತದೆ ಅಥವಾ ಚೀರುತ್ತದೆ. ಬೋರ್ಡನ್ನು ಯುಪಿಎಸ್ ಅಥವಾ 12 ವೋಲ್ಟ್ ಬ್ಯಾಟರಿಯಿಂದ ನಡೆಸಿಕೊಂಡು ಬರೆಯಿರಿ. ಹಾಗೊಮ್ಮೆ ಆಗಿಬಿಟ್ಟರೂ ಬೋರ್ಡ್ ಸತ್ತಿಲ್ಲ. ಚಿಪ್ ತಾನಾಗಿಯೇ ಇ2ಪ್ರೋಮ್ ಓದಬೇಕೇ ಬೇಡವೇ ಎಂದು ಹೇಳುವ ಸೆಲ್ಫ್‌ಬೂಟ್ ಜಂಪರನ್ನು ಗ್ರೌಂಡಿಗೆ ಹಾಕಿ ವಿದ್ಯುತ್ ಕೊಟ್ಟರೆ ಚಿಪ್ ಇ2ಪ್ರೋಮನ್ನು ಓದದೆ ಸುಮ್ಮನೆ ಕಾಯುತ್ತದೆ, ಆಗ ಮತ್ತೆ ಬರೆಯಬಹುದು.

ಬರೆದದ್ದು ಉಳಿಯುತ್ತಲೇ ಇಲ್ಲವೆಂದರೆ ಇ2ಪ್ರೋಮಿನ ರೈಟ್ ಪ್ರೊಟೆಕ್ಟ್ ಪಿನ್ ನೋಡಿ. ಅದು ಮೇಲಿನ ಮಟ್ಟದಲ್ಲಿದ್ದರೆ ಚಿಪ್ ಏನನ್ನೂ ಬರೆಸಿಕೊಳ್ಳುವುದಿಲ್ಲ, ದೂರನ್ನೂ ಹೇಳುವುದಿಲ್ಲ. ಅದನ್ನು ಗ್ರೌಂಡಿಗೆ ಎಳೆದು ಬರೆದು, ಆಮೇಲೆ ಬಿಡಿ. ಕೊನೆಗೆ ಪ್ರೋಗ್ರಾಮರನ್ನು ಪೂರ್ತಿ ಬಿಚ್ಚಿ, ಸೆಲ್ಫ್‌ಬೂಟ್ ಜಂಪರ್ ಮೇಲಕ್ಕೆ ಹಾಕಿ, ವಿದ್ಯುತ್ ತೆಗೆದು ಕೊಟ್ಟು, ರೆಸಿಸ್ಟರಿನ ಮೇಲೆ ಮತ್ತೆ ಅಳೆಯಿರಿ. ಟ್ವೀಟರಿನ ದಾರಿಗೆ 200 ಹರ್ಟ್ಸ್ ಕೊಟ್ಟಾಗ ಮೀಟರ್ ಏನನ್ನೂ ತೋರಿಸಬಾರದು. ವೂಫರಿನ ದಾರಿಯಲ್ಲಿ ತೋರಿಸಬೇಕು. ನಾಲ್ಕೂ ಹೊರಹರಿವುಗಳನ್ನು ಹೀಗೆ ನೋಡಿ. ಯಾವ ತಂತಿ ಯಾವ ದಾರಿ ಎಂದು ಚೀಟಿ ಅಂಟಿಸುವ ಸಮಯವೂ ಇದೇ.

ಸ್ಪೀಕರ್, ಕೊನೆಗೂ

ಮೊದಲು ವೂಫರ್ ಜೋಡಿಸಿ, ಕಡಿಮೆ ಮಟ್ಟದಲ್ಲಿ ಕೇಳಿ. ಮಾತು ಕಂಬಳಿ ಹೊದ್ದಂತೆ ಮಂಕಾಗಿ ಬರಬೇಕು. ಆಮೇಲೆ ಟ್ವೀಟರನ್ನು 22 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೂಲಕ ಜೋಡಿಸಿ. 8 ಓಮ್‌ನೊಂದಿಗೆ ಅದು 900 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುತ್ತದೆ, ನೇರ ವಿದ್ಯುತ್ತನ್ನು ಪೂರ್ತಿ ತಡೆಯುತ್ತದೆ, 2,500ರ ಕ್ರಾಸ್‌ಓವರಿಗೆ ಹೇಳಿಕೊಳ್ಳುವಂತಹ ಅಡ್ಡಿ ಮಾಡುವುದಿಲ್ಲ. ಈ ಕೆಪಾಸಿಟರ್ ಶಾಶ್ವತವಾಗಿ ಅಲ್ಲೇ ಇರಲಿ. ಮುಂದೆ ಯಾರೋ ಪ್ರೋಗ್ರಾಮ್ ತಿದ್ದುತ್ತಾರೆ, ಅವರು ಈ ಲೇಖನ ಓದಿರುವುದಿಲ್ಲ.

ಮುಂದಿನ ಕೆಲಸ ಭವನದಲ್ಲಿ. ಮಾಪನದ ಮೈಕ್ ಇದ್ದರೆ ರೂಮ್ ಈಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಕೋಣೆಯ ಧ್ವನಿಯನ್ನು ಗೆರೆಯಾಗಿ ನೋಡಬಹುದು. ಇಲ್ಲದಿದ್ದರೆ ಕನ್ನಡವೇ ಸಾಕು. ಒಬ್ಬರು ಮೈಕಿನಲ್ಲಿ ‘ಕಾಲು, ಪಾಲು, ಸಾಲು, ಹಾಲು, ಬೀಸು, ಬೀಜ, ಕಸ, ಕಷ’ ಎಂದು ಕ್ರಮ ಬದಲಿಸುತ್ತ ಓದಲಿ. ಕೊನೆಯ ಸಾಲಿನಲ್ಲಿ ಇಬ್ಬರು ಕೇಳಿದ್ದನ್ನು ಬರೆದುಕೊಳ್ಳಲಿ, ಅವರಲ್ಲಿ ಒಬ್ಬರು ವಯಸ್ಸಾದವರಿರಲಿ. ವ್ಯಂಜನ ತಪ್ಪುತ್ತಿದ್ದರೆ 250ರಿಂದ 400 ಹರ್ಟ್ಸ್‌ವರೆಗಿನ ಭಾಗವನ್ನು ಅಗಲವಾಗಿ 3 ಅಥವಾ 4 ಡೆಸಿಬೆಲ್ ಇಳಿಸಿ ಮತ್ತೆ ಓದಿಸಿ. ಕಾಂಕ್ರೀಟ್ ಗೋಡೆಗಳ ಗುಂಗು ಹೆಚ್ಚಾಗಿ ಆ ಭಾಗದಲ್ಲೇ ತುಂಬಿಕೊಂಡು ವ್ಯಂಜನಗಳನ್ನು ಮುಚ್ಚಿಬಿಡುತ್ತದೆ. ವಾಲ್ಯೂಮ್ ಮುಟ್ಟದೆಯೇ ಉತ್ತರಗಳು ಸರಿಯಾಗುತ್ತ ಬರುವುದನ್ನು ನೋಡಿದವರು ಮತ್ತೆ ವಾಟ್ ಲೆಕ್ಕ ಕೇಳುವುದಿಲ್ಲ. ಕುರ್ಚಿ ಖಾಲಿ ಇದ್ದಾಗಲೂ ಜನ ತುಂಬಿದಾಗಲೂ ಗುಂಗು ಬೇರೆ ಬೇರೆ, ಆದ್ದರಿಂದ ಒಂದು ಕಾರ್ಯಕ್ರಮದ ದಿನ ಮತ್ತೊಮ್ಮೆ ಕೇಳಿ.

ಮೈಕ್ ಕೂಗಿದರೆ, ಕೂಗುವ ಆವರ್ತನವನ್ನು ಮೊಬೈಲಿನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ ನೋಡಿ ಅಷ್ಟೇ ಜಾಗಕ್ಕೆ ಇಕ್ಕಟ್ಟಾದ ಫಿಲ್ಟರ್ ಹಾಕಿ 6 ಡೆಸಿಬೆಲ್ ಇಳಿಸಿ. ಇಂತಹವು ಮೂರು ನಾಲ್ಕು ಸಾಕು. ಅದಕ್ಕೂ ಬಗ್ಗದಿದ್ದರೆ ತೊಂದರೆ ಪ್ರೋಗ್ರಾಮಿನದಲ್ಲ, ಸ್ಪೀಕರ್ ಮೈಕಿನ ಹಿಂದೆ ಇದೆ. ಪೆಟ್ಟಿಗೆಯನ್ನು ಮುಂದಕ್ಕೆ ತನ್ನಿ.

ಇನ್ನು ಮಳೆ. ಭರಣಿ, ಕೃತ್ತಿಕಾ ಮಳೆಯ ಗುಡುಗು ಸಿಡಿಲಿನ ಸಂಜೆಗಳಲ್ಲಿ ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಸಕಲೇಶಪುರ, ಮೂಡಿಗೆರೆಯ ಕಡೆ ಮಳೆಗಾಲದುದ್ದಕ್ಕೂ ಗಾಳಿಯೇ ಒದ್ದೆ. ಅಲ್ಲಿ ಸಿಕ್ಕಿಸುವ ಜಂಪರ್‌ಗಳು ಪಾಚಿಗಟ್ಟಿದಂತೆ ಹಸಿರಾಗುತ್ತವೆ. ಸೆಲ್ಫ್‌ಬೂಟ್ ಜಂಪರನ್ನು ಬೆಸುಗೆ ಹಾಕಿ ಭದ್ರಪಡಿಸಿ, ಬೋರ್ಡನ್ನು ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಆಂಪ್ಲಿಫೈಯರಿನ ಹೀಟ್‌ಸಿಂಕ್ ಮಾತ್ರ ಹೊರಗೆ ಬರುವಂತೆ ನೋಡಿಕೊಳ್ಳಿ.

ಸಿಗ್ಮಾಸ್ಟುಡಿಯೊದ ಪ್ರಾಜೆಕ್ಟ್ ಫೈಲನ್ನು ಎರಡು ಕಡೆ ಉಳಿಸಿ. ಇ2ಪ್ರೋಮಿನಿಂದ ಬೈಟ್‌ಗಳನ್ನು ಹಿಂದಕ್ಕೆ ಓದಬಹುದೇ ಹೊರತು ನೀವು ಎಳೆದ ಗೆರೆ, ಪೆಟ್ಟಿಗೆಗಳ ಚಿತ್ರ ವಾಪಸ್ ಬರುವುದಿಲ್ಲ. ಒಂದು ಪ್ರತಿ ನಿಮ್ಮಲ್ಲಿರಲಿ. ಇನ್ನೊಂದನ್ನು ಪೆನ್‌ಡ್ರೈವ್‌ಗೆ ಹಾಕಿ, ಕ್ರಾಸ್‌ಓವರಿನ ಆವರ್ತನ, ಗೇನ್, ಎರಡು ಲಿಮಿಟರ್‌ಗಳ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದು, ಎರಡನ್ನೂ ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿ.